ಮೌಲಾಸಾಬರ ಮಂಜಿನ ಕಂಬ

ಕಳೆದ ಡಿಸೆಂಬರಿನಲ್ಲಿ ಸೇಡಮ್ಮಿನಲ್ಲಿ ಹಳೆಯ ಸ್ನೇಹಿತರೊಬ್ಬರ ಮೊಮ್ಮಗಳ ಮದುವೆ ಮುಗಿಸಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಕಲಬುರಗಿಗೆ ಹೊರಟಿದ್ದೆ. ಕಾಗಿಣಾ ಸೇತುವೆ ಇನ್ನೂ ಸ್ವಲ್ಪ ದೂರವಿರುವಾಗಲೇ ಡ್ರೈವರ್ ಬಸ್ಸನ್ನು ರಸ್ತೆಯ ಅಂಚಿಗೆ ಸರಿಸಿ ನಿಲ್ಲಿಸಿದ. ಮುಂದೆ ನೋಡಿದರೆ ರಸ್ತೆಯೂ ಇಲ್ಲ, ಹೊಲವೂ ಇಲ್ಲ, ಬರೀ ಬಿಳುಪು. ಹಿಂದಿನ ಸೀಟಿನಿಂದ ಯಾರೋ ಯಾಕೆಂದು ಗದರಿದರು. ಡ್ರೈವರ್ ಬೀಡಿ ಹಚ್ಚುತ್ತ ನಿಧಾನವಾಗಿ ಹೇಳಿದ: "ಹೊಳಿ ಮಂಜ ಅದರೀ ಇದು. ಎರಿ ಹೊಲ ಮುಗಿಯೋ ತನಕ ಹಿಂಗೇ ಇರ್ತದ. ಮುಂದ ಪರಸಿ ಕಲ್ಲಿನ ನೆಲ ಹತ್ತಿದ್ವಿ ಅಂದ್ರ ಬಯಲಾಗ್ತದ. ಜರಾ ಕುಂದ್ರಿ."

ಈ ಮಾತನ್ನು ಹೆಚ್ಚುಕಡಿಮೆ ಹೀಗೇ ನಾನು ಒಮ್ಮೆ ಕೇಳಿದ್ದೆ, ಇದೇ ಹೊಳೆಯ ದಂಡೆಯಲ್ಲಿ, ಬರಿಗಾಲಿನಲ್ಲಿ ನಿಂತು. ಬಸ್ಸಿಂದ ಇಳಿದೆ. ಹಸಿ ಎರೆಮಣ್ಣಿನ ವಾಸನೆ, ಅದರೊಳಗೆ ಎಲ್ಲೋ ಒಲೆಯಲ್ಲಿ ಉರಿಯುತ್ತಿದ್ದ ತೊಗರಿ ಕಟ್ಟಿಗೆಯ ಹೊಗೆ. ಚಪ್ಪಲಿ ಬಿಚ್ಚಿ ರಸ್ತೆಯ ಪಕ್ಕದ ಮಣ್ಣಿನ ಮೇಲೆ ನಿಂತೆ. ಕಂಡಕ್ಟರು ಬಾಗಿಲಲ್ಲಿ ನಿಂತು, "ಅಜ್ಜಾರ, ಥಂಡಿ ಭಾಳ ಅದ, ಮ್ಯಾಲ ಬರ್ರಿ" ಎಂದು ಕರೆಯುತ್ತಲೇ ಇದ್ದ. ನಾನು ಹತ್ತಲಿಲ್ಲ. ಮೌಲಾಸಾಬರು ನೆನಪಾಗಿದ್ದರು.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ. ತಿಪಟೂರಿನ ಕಡೆಯ ಹುಡುಗ ನಾನು, ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದವನು, ಸಹಾಯಕ ಸ್ಟೇಷನ್ ಮಾಸ್ತರನಾಗಿ ವಾಡಿ ಮತ್ತು ಸೇಡಂ ನಡುವಿನ ಒಂದು ಸಣ್ಣ ಸ್ಟೇಷನ್ನಿಗೆ ಬಂದೆ. ಅದರ ಹೆಸರು ಹೇಳುವುದಿಲ್ಲ. ಹೇಳಿದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಆಗಲೇ ಅಲ್ಲಿ ದಿನಕ್ಕೆ ಎರಡು ಪ್ಯಾಸೆಂಜರ್ ಬಿಟ್ಟರೆ ಬೇರೆ ಗಾಡಿ ನಿಲ್ಲುತ್ತಿರಲಿಲ್ಲ.

ಆ ಊರಿನಲ್ಲಿ ಎಲ್ಲವೂ ಪರಸಿ ಕಲ್ಲು. ಹೊರಗಿನವರು ಶಹಾಬಾದ್ ಕಲ್ಲು ಎನ್ನುವುದನ್ನು ಅಲ್ಲಿಯವರು ಪರಸಿ ಎನ್ನುತ್ತಾರೆ. ಪ್ಲಾಟ್‌ಫಾರ್ಮು ಪರಸಿ, ನನ್ನ ಮನೆಯ ನೆಲ ಪರಸಿ, ಮೇಲಿನ ಮಾಳಿಗೆ ಪರಸಿ, ಹೊಲಕ್ಕೆ ಹಾಕಿದ ಬೇಲಿಯೂ ನಿಲ್ಲಿಸಿಟ್ಟ ಪರಸಿ. ಸ್ಟೇಷನ್ನಿನ ಬಡಗಣಕ್ಕೆ ಕಲ್ಲಿನ ಖಣಿಗಳು. ತೆಂಕಣಕ್ಕೆ ನೆಲ ಇಳಿಜಾರಾಗುತ್ತ ಹೋಗಿ ಎರೆಹೊಲ, ಅದರಾಚೆ ಹೊಳೆ, ಹೊಳೆಗೆ ರೈಲಿನ ಸೇತುವೆ. ವಾಡಿ ಕಡೆಯಿಂದ ಬರುವ ಗಾಡಿ ಆ ಸೇತುವೆ ದಾಟಿದ ಮೇಲೆ ನಮ್ಮ ಔಟರ್, ಅಂದರೆ ಊರ ಹೊರಗಿನ ಮೊದಲ ಸಿಗ್ನಲ್. ನಡುವೆ ಖಣಿಯ ಒಡಕು ಕಲ್ಲಿನ ದೊಡ್ಡ ಗುಡ್ಡೆ ಇದ್ದುದರಿಂದ ಔಟರ್ ಪ್ಲಾಟ್‌ಫಾರ್ಮಿನಿಂದ ಕಾಣುತ್ತಿರಲಿಲ್ಲ.

ಕಾಣದಿದ್ದರೇನು, ಕಾನೂನಿತ್ತು. ಸ್ಟೇಷನ್ನಿನಿಂದ ಇನ್ನೂರು ಹೆಜ್ಜೆ ದೂರದಲ್ಲಿ ಕಪ್ಪು ಬಿಳಿ ಪಟ್ಟೆ ಬಳಿದ ಒಂದು ಕಂಬ ನೆಟ್ಟಿರುತ್ತಿತ್ತು. ಅದಕ್ಕೆ ಮಂಜಿನ ಕಂಬ ಎನ್ನುತ್ತಿದ್ದರು. ಮುಂಜಾನೆ ಮಾಸ್ತರ ಹೊರಗೆ ಬಂದು ಅದನ್ನು ನೋಡಬೇಕು. ಕಂಬ ಕಂಡರೆ ಮಂಜಿಲ್ಲ. ರಿಜಿಸ್ಟರಿನಲ್ಲಿ ಹಾಗೇ ಬರೆದು ಸಹಿ ಹಾಕಬೇಕು. ಕಾಣದಿದ್ದರೆ ಹಳಿ ನೋಡಿಕೊಳ್ಳುವ ಒಬ್ಬ ಗ್ಯಾಂಗ್‌ಮನ್ನನ್ನು ಔಟರ್ ಆಚೆಗೆ ಕಳಿಸಿ ಹಳಿಯ ಮೇಲೆ ಎರಡು ಪಟಾಕಿ ಇಡಿಸಬೇಕು. ಎಂಜಿನ್ ಚಕ್ರ ಅದರ ಮೇಲೆ ಹಾಯ್ದಾಗ ಢಂ ಎನ್ನುತ್ತದೆ. ಡ್ರೈವರ್‌ಗೆ ಸಿಗ್ನಲ್ ಹತ್ತಿರ ಬಂತೆಂದು ತಿಳಿಯುತ್ತದೆ. ನಾನಂತೂ ಆ ಕಂಬವನ್ನು ದೇವರ ದರ್ಶನ ಮಾಡುವಷ್ಟು ಶ್ರದ್ಧೆಯಿಂದ ನೋಡುತ್ತಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತಲ್ಲ, ಹಾಗೆ.

ಪಟಾಕಿ ಇಡುವ ಕೆಲಸ ಮೌಲಾಸಾಬರದು. ಐವತ್ತೇಳು ದಾಟಿದ ಗ್ಯಾಂಗ್‌ಮನ್, ತೆಳ್ಳಗೆ ಎತ್ತರಕ್ಕಿದ್ದರು, ತಲೆಗೆ ಯಾವಾಗಲೂ ಬಿಳಿ ರುಮಾಲು. ಜನವರಿ ಕೊನೆಗೆ ಅವರ ನೌಕರಿ ಮುಗಿಯುವುದಿತ್ತು. ಅವರೂ ಹೆಂಡತಿ ಬೀಬಮ್ಮನೂ ಸ್ಟೇಷನ್ನಿನ ಹಿಂದಿನ ಸಾಲುಮನೆಯಲ್ಲಿದ್ದರು. ನಾನು ಬಂದ ಮೊದಲ ದಿನ "ಬನ್ನಿ, ಕೂತ್ಕೊಳ್ಳಿ" ಅಂದದ್ದಕ್ಕೆ ಬೀಬಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. "ಮಾಸ್ತರದು ಮಾತು ಅಂದ್ರ ಹೆಣ್ಮಕ್ಕಳ ಮಾತ ಇದ್ದಂಗ ಮೆತ್ತಗ ಅದ" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು. ಮಾತು ಮೆತ್ತಗಿದ್ದರೂ ನಾನು ಮೆತ್ತಗಿನವನಲ್ಲ ಎಂದು ತೋರಿಸಲು ನನಗೆ ಒಂದು ತಿಂಗಳು ಹಿಡಿಯಿತು.

ಆ ಸಲ ಹಿಂಗಾರಿ ಮಳೆ ತಡವಾಗಿ ನಿಂತಿತು. ಎರೆಹೊಲಗಳು ಡಿಸೆಂಬರಿನಲ್ಲೂ ಹಸಿ ಹಸಿಯಾಗಿದ್ದವು, ಬಿಳಿಜೋಳ ಮೊಳಕಾಲೆತ್ತರ ನಿಂತಿತ್ತು. ಚಳಿ ಬಿದ್ದ ಮೇಲೆ ನಾನೊಂದು ವಿಷಯ ಗಮನಿಸಿದೆ. ಕೆಲವು ಮುಂಜಾನೆ ಮೌಲಾಸಾಬರು ಕೈದೀಪ ಹಿಡಿದು ಹೊಳೆಯ ಕಡೆ ಹೋಗಿಬಿಡುತ್ತಿದ್ದರು. ನಾನು ಹೇಳಿರುತ್ತಿರಲಿಲ್ಲ. ಎಲ್ಲಿಗೆ ಎಂದು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಶರಣಪ್ಪನನ್ನು ಕೇಳಿದರೆ, "ಹೊಲದ ಕಡಿ ಹೋಗಿರಬೇಕ್ರಿ, ಮುದುಕ ಮನುಷ್ಯ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳುತ್ತಿದ್ದ. ನೌಕರಿ ಮುಗಿಯುತ್ತ ಬಂತು, ಇನ್ನು ಇವರಿಗೆ ಶಿಸ್ತೆಲ್ಲಿಯದು ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಒಂದು ಮುಂಜಾನೆ ಗೂಡ್ಸ್ ಗಾಡಿಯೊಂದರ ಎಂಜಿನ್ನಿಗೆ ಉಸಿರು ಸಾಲದೆ ಅದು ನಮ್ಮ ಮೇನ್ ಲೈನಿನಲ್ಲೇ ನಿಂತುಬಿಟ್ಟಿತು. ಹಿಂದಿನಿಂದ ವಾಡಿಯ ಪ್ಯಾಸೆಂಜರ್ ಬರುವ ಹೊತ್ತು. ಔಟರ್ ಕೆಂಪಾಗಿಯೇ ಇತ್ತು. ಪ್ಯಾಸೆಂಜರ್ ಅಲ್ಲಿ ನಿಂತು ಕಾಯಬೇಕು, ಅಷ್ಟೆ. ನಾನು ಹೊರಗೆ ಬಂದು ಕಂಬ ನೋಡಿದೆ. ಪಟ್ಟೆಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. "ಕಂಬ ಕಾಣುತ್ತಿದೆ" ಎಂದು ಬರೆದು ಸಹಿ ಹಾಕಿ ಚಹಾಕ್ಕೆ ಕೂತೆ. ಲೋಟ ತುಟಿಗೆ ತಾಗಿತ್ತು, ಅಷ್ಟರಲ್ಲಿ ಹೊಳೆಯ ಕಡೆಯಿಂದ ಢಂ! ಇನ್ನೊಂದು ಢಂ! ಬೇವಿನ ಮರದ ಗಿಳಿಗಳೆಲ್ಲ ಒಮ್ಮೆಲೇ ಎದ್ದವು.

ಓಡಿದೆ. ಪ್ಲಾಟ್‌ಫಾರ್ಮು ಮುಗಿಯುವತನಕ ಎಲ್ಲ ತಿಳಿ ಬೆಳಕು. ಕಲ್ಲಿನ ಗುಡ್ಡೆ ಸುತ್ತಿ ಇಳಿಜಾರಿಗೆ ಕಾಲಿಟ್ಟೆ ನೋಡಿ, ನನ್ನ ಕಾಲು ನನಗೇ ಕಾಣಿಸಲಿಲ್ಲ. ಹಳಿಯ ಮೇಲೆ ಬೂಟು ತಾಗಿಸುತ್ತ ತಾಗಿಸುತ್ತ ಹೋದೆ. ಎಲ್ಲೋ ಎದುರಿಗೇ ಎಂಜಿನ್ನಿನ ಏದುಸಿರು ಕೇಳುತ್ತಿತ್ತು. ಪ್ಯಾಸೆಂಜರ್ ಔಟರ್ ಕಂಬದ ಹತ್ತಿರ ನಿಂತಿತ್ತು. ಡ್ರೈವರ್ ಕೆಳಗಿಳಿದು ಕಂಬದ ಬುಡಕ್ಕೇ ಬಂದು ಕತ್ತೆತ್ತಿ ನೋಡುತ್ತಿದ್ದ. ಅಲ್ಲಿಂದಲೂ ಅವನಿಗೆ ಸಿಗ್ನಲ್ಲಿನ ಕೈ ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ಡಬ್ಬಿಯ ಕಿಟಕಿಯಿಂದ ಪುಂಡಿ ಸೊಪ್ಪಿನ ಬುಟ್ಟಿ ಹಿಡಿದ ಹೆಂಗಸು ತಲೆ ಹೊರಗೆ ಹಾಕಿ, "ಯಾವ ಟೇಸನ್ನಪಾ ಇದು?" ಎಂದಳು. ಅವಳ ಹಿಂದೆ ಸಿಮೆಂಟ್ ಫ್ಯಾಕ್ಟರಿಗೆ, ಖಣಿಗೆ ಹೋಗುವ ಜನ ಕಿಕ್ಕಿರಿದು ಕೂತಿದ್ದರು. ನನ್ನ ಬೆನ್ನ ಹಿಂದೆ ಸ್ವಲ್ಪ ದೂರದಲ್ಲೇ ಗೂಡ್ಸ್ ಗಾಡಿಯ ಕೊನೆಯ ಡಬ್ಬಿ ಇತ್ತು.

ಮೌಲಾಸಾಬರು ಹಳಿಯ ಪಕ್ಕದ ಜಲ್ಲಿಯ ಮೇಲೆ ಕೂತಿದ್ದರು. ಮೊಣಕೈ ಕಿತ್ತು ರಕ್ತ ಬರುತ್ತಿತ್ತು. ಪಕ್ಕದಲ್ಲಿ ಗಾಜು ಒಡೆದ ಕೈದೀಪ. ಇಷ್ಟು ಜನರನ್ನು ಉಳಿಸಿದ ಮನುಷ್ಯನಿಗೆ ನಾನು ಮೊದಲು ಹೇಳಿದ್ದೇನು ಗೊತ್ತೇ? "ಪಟಾಕಿ ಇಡೋಕೆ ನಿಮಗೆ ಯಾರು ಹೇಳಿದ್ದು?" ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

"ಯಾರೂ ಹೇಳಿಲ್ರಿ ಮಾಸ್ತರ್ ಸಾಬ್" ಎಂದರು ಅವರು. "ಮಂಜ ಬಿದ್ದಾಗೆಲ್ಲ ದೀಪ ತೋರಿಸ್ತಿದ್ದೆ. ಇವತ್ತ ಮಂಜಿನಾಗ ಮುಗ್ಗರಿಸಿ ಬಿದ್ದೆ, ದೀಪ ಒಡೀತು. ಅದಕ ಪಟಾಕಿ ಇಟ್ಟೀನಿ."

ಆಗ ಗೊತ್ತಾಯಿತು, ಹೊಲದ ಕಡೆ ಹೋಗುವ ಮುದುಕ ಮನುಷ್ಯ ಅಲ್ಲಿ ಏನು ಮಾಡುತ್ತಿದ್ದನೆಂದು.

ದೀಪ ತೋರಿಸಿದರೆ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಪಟಾಕಿ ಸಿಡಿದರೆ ಡ್ರೈವರ್ ಬರೆಯಲೇಬೇಕು. ಅವನು ದಟ್ಟ ಮಂಜಿತ್ತೆಂದು ಬರೆದ. ನನ್ನ ರಿಜಿಸ್ಟರಿನಲ್ಲಿ, ನನ್ನದೇ ಮುತ್ತಿನಂಥ ಅಕ್ಷರದಲ್ಲಿ, ಕಂಬ ಕಾಣುತ್ತಿದೆ ಎಂದಿತ್ತು. ವಿಚಾರಣೆಗೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ಎರಡೇ ದಿನದಲ್ಲಿ ಸುದ್ದಿ ಬಂತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಎದ್ದು ನೋಡದೆ ಸಹಿ ಹಾಕಿದ ಮಾಸ್ತರನನ್ನು ಯಾರು ಕಾಯಂ ಮಾಡುತ್ತಾರೆ?

"ನಾನು ಸುಳ್ಳು ಬರೆದಿಲ್ಲ. ಕಂಬ ಕಾಣಿಸ್ತಿತ್ತು" ಎಂದು ಮೌಲಾಸಾಬರ ಮುಂದೆ ಕೂಗಾಡಿದೆ.

"ನೀವು ಸುಳ್ಳ ಬರದಿಲ್ರಿ" ಎಂದರು ಅವರು. "ಕಂಬ ಸುಳ್ಳ ಹೇಳ್ತದ."

ನನ್ನ ವಾರದ ರಜೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅವರು ಬಾಗಿಲು ತಟ್ಟಿದರು. ಮಂಜಿನ ಕಂಬದ ಬುಡಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿ, "ಬೂಟ ಬಿಚ್ರಿ" ಎಂದರು. ಆ ಚಳಿಯಲ್ಲಿ! ಗೊಣಗುತ್ತ ಬಿಚ್ಚಿದೆ. ಕಂಬ ನೆಟ್ಟಿದ್ದು ಖಣಿಯ ಕಡೆಯ ಬಂಡೆಯ ಹಾಸಿನಲ್ಲಿ. ಕಾಲಿಟ್ಟರೆ ಆಶ್ಚರ್ಯ, ಕಲ್ಲು ಒಣಗಿತ್ತು, ನಿನ್ನೆಯ ಬಿಸಿಲಿನ ಬಿಸುಪು ಇನ್ನೂ ಇತ್ತು. ಆಮೇಲೆ ಇಳಿಜಾರಿಗೆ ನಡೆಸಿದರು. ಪರಸಿ ಮುಗಿದು ಎರೆ ಶುರುವಾದ ಕಡೆ ಕಾಲಿಟ್ಟದ್ದೇ ಹಲ್ಲು ಕಟಕಟ ಎಂದವು. ಮಣ್ಣು ಒದ್ದೆ, ಜೋಳದ ಎಲೆ ಒದ್ದೆ, ಮೊಳಕಾಲತನಕ ಐಸಿನಲ್ಲಿಟ್ಟ ಹಾಗೆ. ಅಲ್ಲಿಂದ ಮಂಜು ಶುರು. ಅವರು ನನ್ನ ಕೈ ಹಿಡಿದುಕೊಂಡೇ ಹೊಳೆಯ ದಂಡೆಗೆ ಒಯ್ದು ನೀರಿನಲ್ಲಿ ಕಾಲಿಡಿಸಿದರು. ನೀರು ಬೆಚ್ಚಗಿತ್ತು! ಯಾರೋ ಕಾಯಿಸಿ ಇಟ್ಟಂತೆ ಬೆಚ್ಚಗೆ, ಮೇಲೆ ಉಗಿಯಾಡುತ್ತಿತ್ತು.

"ನೋಡ್ರಿ" ಎಂದರು ಮೌಲಾಸಾಬರು. "ಹೊಲದ ಗಾಳಿ ತಣ್ಣಗ ಆಗಿ ಇಳಕಲ ಹಿಡದು ಹೊಳಿಗಿ ಬರ್ತದ. ನೀರ ಬೆಚ್ಚಗ ಅದ. ಅದರ ಮ್ಯಾಲ ಹಾಯ್ತಂದ್ರ ಉಗಿ ಏಳ್ತದ, ಚಹಾದ ಮ್ಯಾಲ ಏಳೋ ಹಂಗ. ಮುಂಜಾನಿ ಜರಾ ಗಾಳಿ ತಿರಗ್ತದ, ಅದೇ ಉಗಿ ತಗೊಂಡು ಎರಿ ಹೊಲದ ಮ್ಯಾಲ ಬರ್ತದ. ಎರಿ ತಣ್ಣಗ, ಅದಕ ಗಟ್ಟಿ ಆಗ್ತದ. ಪರಸಿ ಹತ್ತಿತು ಅಂದ್ರ ಬಯಲಾಗ್ತದ. ಕಲ್ಲಿಗಿ ಮಂಜ ಆಗಿ ಬರಂಗಿಲ್ಲ."

ನಾನು ನೀರಿನಲ್ಲಿ ಕಾಲಿಟ್ಟುಕೊಂಡೇ ಬೆಪ್ಪನಂತೆ ನಿಂತಿದ್ದೆ. ಇವೆಲ್ಲ ನಾನು ಕಾಲೇಜಿನಲ್ಲಿ ಓದಿ ಪಾಸಾದ ಪಾಠಗಳೇ. ತಿಳಿಯಾದ ಆಕಾಶದ ಕೆಳಗೆ ನೆಲ ತನ್ನ ಬಿಸಿಯನ್ನು ಬಿಟ್ಟುಕೊಡುತ್ತದೆ; ಪೈರಿರುವ ಹೊಲ ಬೇಗ ತಣ್ಣಗಾಗುತ್ತದೆ, ಬಂಡೆ ತಡವಾಗಿ, ನೀರು ಇನ್ನೂ ತಡವಾಗಿ. ಗಾಳಿ ತಣ್ಣಗಾದಷ್ಟೂ ಅದು ಹೊರಬಲ್ಲ ಆವಿ ಕಡಿಮೆ. ಹೆಚ್ಚಾದದ್ದು ಹನಿಯಾಗಿ ತೇಲುತ್ತದೆ, ಅದೇ ಮಂಜು. ಅದೇ ಗಾಳಿ ಬೆಚ್ಚಗಿನ ಒಣ ಕಲ್ಲಿನ ಮೇಲೆ ಬಂದರೆ ಹನಿ ಮತ್ತೆ ಆವಿಯಾಗಿ ಮಾಯ. ಎಲ್ಲ ಗೊತ್ತಿತ್ತು. ಆದರೆ ಮಂಜು ಎಂದರೆ ಚಳಿ, ಚಳಿ ಎಂದರೆ ಊರಿಗೆಲ್ಲ ಒಂದೇ ಎಂದುಕೊಂಡಿದ್ದೆ. ಸಾವಿರ ಹೆಜ್ಜೆಯೊಳಗೆ ಮೂರು ಬಗೆಯ ನೆಲವಿದೆ ಎಂಬುದು ಬೂಟು ಹಾಕಿದ ಕಾಲಿಗೆ ಗೊತ್ತಾಗಿರಲಿಲ್ಲ.

ಸಂತೋಷದಿಂದ ಆ ದಿನವೇ ಕೂತು ಅರ್ಜಿ ಬರೆದೆ: ಮಂಜಿನ ಕಂಬವನ್ನು ಕಲ್ಲಿನ ಮೇಲಿಂದ ತೆಗೆದು ಹೊಳೆಯ ಕಡೆಗೆ ನೆಡಬೇಕು. ಮೌಲಾಸಾಬರ ಮನೆಯಲ್ಲಿ ಓದಿ ಹೇಳಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಾಡಿಹೋಯಿತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಬೀಬಮ್ಮನ ಕೈಯೂ ನಿಂತಿತು.

"ಇದು ಬರೀಬ್ಯಾಡ್ರಿ ಮಾಸ್ತರ್ ಸಾಬ್."

"ಯಾಕೆ?"

"ಆ ಕಂಬ ಅಲ್ಲಿ ಹುಗದಾಂವ ನಾನೇ ರೀ."

ಮೊದಲು ಕಂಬ ಹೊಳೆಯ ಕಡೆ, ಎರೆಯಲ್ಲೇ ಇತ್ತಂತೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರಲ್ಲಿ ನೆಟ್ಟ ಕಂಬ ಕುಡಿದವನ ಹಾಗೆ ವಾಲದೆ ಏನು ಮಾಡೀತು? ಬಂದ ಸಾಹೇಬರೆಲ್ಲ ಕಂಬ ಸೊಟ್ಟಗಿದೆ ಎಂದು ಬೈದು ಹೋಗುವುದು, ಇವರು ನೆಟ್ಟಗೆ ಮಾಡುವುದು, ಮುಂದಿನ ಮಳೆಗೆ ಅದು ಮತ್ತೆ ವಾಲುವುದು. ಕೊನೆಗೆ ಬೇಸತ್ತು ಒಂದು ಬೇಸಿಗೆಯಲ್ಲಿ ಕಿತ್ತು ಒಯ್ದು ಬಂಡೆಯಲ್ಲಿ ಕುಳಿ ಹೊಡೆದು ನೆಟ್ಟುಬಿಟ್ಟರು. "ಇನ್ನೂರು ಹೆಜ್ಜಿ ಎಣಿಸೀನ್ರಿ. ಅಲ್ಲೂ ಇನ್ನೂರು, ಇಲ್ಲೂ ಇನ್ನೂರು. ಒಂದು ಹೆಜ್ಜಿ ಸುದ್ದಾ ಕಮ್ಮಿ ಇಲ್ಲ" ಎಂದರು, ಈಗಲೂ ಅದರ ಬಗ್ಗೆ ಸ್ವಲ್ಪ ಹೆಮ್ಮೆಯಿಂದಲೇ. ಆ ವರ್ಷ ಬಂದ ಸಾಹೇಬರು ಇಡೀ ಲೈನಿನಲ್ಲಿ ಇಷ್ಟು ನೆಟ್ಟಗಿನ ಕಂಬ ನೋಡಿಲ್ಲವೆಂದು ಹೊಗಳಿ ಒಂದು ಕಂಬಳಿ ಇನಾಮು ಕೊಟ್ಟರಂತೆ.

"ಮುಂದ ಥಂಡಿ ಬಂತು. ಕಂಬ ಕಾಣ್ತದ, ಔಟರ್ ಕಾಣಂಗಿಲ್ಲ. ಆಗ ತಿಳೀತ್ರಿ ನಂಗ, ನಾ ಏನ್ ಗಲತಿ ಮಾಡೀನಿ ಅಂತ. ಹೇಳ್ಬೇಕಂದ್ರ ಕಂಬಳಿ ತಗೊಂಡೀನಿ. ಯಾವ ಬಾಯಿಲೆ ಹೇಳ್ಲಿ? ಹನ್ನೆರಡು ವರ್ಸ ಆತು, ಮಂಜ ಬಿದ್ದ ದಿನ ನಾನೇ ಹೋಗಿ ದೀಪ ಹಿಡದು ನಿಂದರ್ತೀನಿ."

"ನೀವು ಹೋದ ಮೇಲೆ?"

ಬೀಬಮ್ಮ ಹೇಳಿದರು: "ಅದೇ ಚಿಂತಿನಾಗ ನಿದ್ದಿ ಮಾಡಂಗಿಲ್ರೀ ಇವರು. ಹೇಳಿದ್ರ ಹೆಸರು ಕೆಡ್ತದ, ಹೇಳದಿದ್ರ ಮಂದಿ ಸಾಯ್ತಾರ. ನೌಕರಿ ಮುಗಿಯೋ ಹೊತ್ತಿನಾಗ ಕಳ್ಳನಂಗ ಹೊರಗ ಹಾಕ್ತಾರ ಅಂತ ಹೆದರಿಕಿ."

ಅರ್ಜಿಯನ್ನು ಮಡಚಿ ಕಿಸೆಗೆ ಹಾಕಿಕೊಂಡೆ. ಅವರು ನಿವೃತ್ತರಾಗುವತನಕ ಕಂಬದ ಮಾತೆತ್ತುವುದಿಲ್ಲ, ಆಮೇಲೆ ನಾನೇ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಕೊಡುವಾಗ ದೊಡ್ಡ ಮನುಷ್ಯನಾದ ಹಾಗೆ ಅನ್ನಿಸಿತು. ಇನ್‌ಸ್ಪೆಕ್ಟರ್ ನನ್ನನ್ನೇ ನೌಕರಿಯಿಂದ ತೆಗೆದರೆ ಬರೆಯುವವರು ಯಾರು ಎಂಬುದು ಆಗ ಹೊಳೆಯಲಿಲ್ಲ.

ಇನ್‌ಸ್ಪೆಕ್ಟರ್ ರಾಯಚೂರಿನ ಕಡೆಯವರು, ನೆಗಡಿಯಾಗಿ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು. ಅವರು ಬಂದ ಮುಂಜಾನೆ ಮೋಡ ಕವಿದು ಮಂಜಿನ ಸುಳಿವೇ ಇರಲಿಲ್ಲ. ರಿಜಿಸ್ಟರ್ ಒಂದು ಕೈಯಲ್ಲಿ, ಡ್ರೈವರ್ ಬರೆದದ್ದು ಇನ್ನೊಂದು ಕೈಯಲ್ಲಿ ಹಿಡಿದು ಸಂಜೆತನಕ ನನ್ನನ್ನು ಕಾಡಿದರು.

"ಡ್ರೈವರ್ ಬರದಾನ, ಮಂಜಿನಾಗ ಸಿಗ್ನಲ್ ಕೈ ಕಾಣ್ತಿರ್ಲಿಲ್ಲ ಅಂತ. ನೀವು ಬರದೀರಿ, ಕಂಬ ಕಾಣ್ತಿತ್ತು ಅಂತ. ಒಂದೇ ಸ್ಟೇಷನ್ನು, ಒಂದೇ ಹೊತ್ತು. ಹೊದ್ದುಕೊಂಡು ಮಲಗಿ ಸಹಿ ಹಾಕೀರಿ, ಹೌದಿಲ್ಲೋ? ನೋಡದ್ದಕ್ಕ ಸಹಿ ಹಾಕಬಾರದು ಅಂತ ನಿಮ್ಮ ಕಾಲೇಜಿನಾಗ ಹೇಳಿಕೊಟ್ಟಿಲ್ಲೇನು?"

ಬಾಯಿ ಬಿಟ್ಟರೆ ಕಂಬದ ಮಾತು ಬರಬೇಕು. ಅದಕ್ಕೆ ನೋಡೇ ಸಹಿ ಹಾಕಿದ್ದೇನೆ ಎಂದಷ್ಟನ್ನೇ ಮತ್ತೆ ಮತ್ತೆ ಹೇಳಿದೆ. ಸಂಜೆಯ ಪ್ಯಾಸೆಂಜರಿಗೆ ಹೊರಡುವ ಮೊದಲು ವರದಿ ಮುಗಿಸುತ್ತೇನೆ ಎಂದು ಅವರು ಪೆನ್ನು ತೆಗೆದರು. ಆಗ ಬಾಗಿಲಲ್ಲಿ ಮೌಲಾಸಾಬರು ಕಾಣಿಸಿಕೊಂಡರು. ಹೊರಗೆ ಕೂತು ಎಲ್ಲ ಕೇಳಿಸಿಕೊಂಡಿದ್ದರು.

"ಸಾಹೇಬ್ರ, ಮಾಸ್ತರು ನೋಡೇ ಸಹಿ ಮಾಡ್ಯಾರ. ಇವತ್ತ ಹೋಗಬ್ಯಾಡ್ರಿ. ನಾಳಿಗಿ ಮುಂಜಾನಿ ಮಂಜ ಬರ್ತದ, ನಿಮ್ಮ ಕಣ್ಣಿಲೆ ನೋಡ್ರಿ."

"ನಾಳಿಗಿ ಬರ್ತದಂತ ನಿಂಗೇನು ತಂತಿ-ತಾರ ಬಂದದೇನೋ?"

ಮೌಲಾಸಾಬರು ಅವರನ್ನು ಹೊರಗೆ ಕರೆದರು. ಮೋಡ ಒಡೆದು ಪಡುವಣ ತಿಳಿಯಾಗಿತ್ತು. ಎಲೆ ಅಲುಗುತ್ತಿರಲಿಲ್ಲ. ಬೀಬಮ್ಮನ ಒಲೆಯ ಹೊಗೆ ಮೇಲಕ್ಕೇಳದೆ ಮಾಳಿಗೆಯ ಮೇಲೇ ಚಾಪೆ ಹಾಸಿದಂತೆ ಹರಡಿಕೊಂಡಿತ್ತು. "ಹೊಗಿ ಮ್ಯಾಲ ಏಳಂಗಿಲ್ಲ ನೋಡ್ರಿ. ಇದೇ ತಾರ" ಎಂದರು. ಬೀಬಮ್ಮ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಕಳಿಸಿದರು. ಸಾಹೇಬರು ಮಂಜಿಗಾಗಿ ಉಳಿಯಲಿಲ್ಲ, ರೊಟ್ಟಿಗಾಗಿ ಉಳಿದರು ಎಂದು ಶರಣಪ್ಪ ಬಹಳ ದಿನ ಹೇಳಿ ನಗಿಸುತ್ತಿದ್ದ.

ನಾನು ಮಾತ್ರ ಮೌಲಾಸಾಬರನ್ನು ಬದಿಗೆ ಕರೆದು ಸಿಟ್ಟು ಮಾಡಿದೆ. "ಸುಮ್ಮನಿದ್ದಿದ್ರೆ ನಿಮಗೆ ಏನೂ ಆಗ್ತಿರಲಿಲ್ಲ."

"ನಂಗ ಆಗ್ತಿರ್ಲಿಲ್ಲ. ನಿಮಗ ಆಗ್ತಿತ್ತು" ಎಂದರು. "ನನ್ನ ಗಲತಿಗಿ ನೀವು ಯಾಕ ಮನಿಗಿ ಹೋಗ್ತೀರಿ?"

ಮರುದಿನ ಬೆಳಕು ಮೂಡುವಾಗ ಎಲ್ಲರೂ ಹೊರಗೆ ಬಂದೆವು. ಸಾಹೇಬರು, ನಾನು, ಮೌಲಾಸಾಬರು, ಶರಣಪ್ಪ, ಗ್ಯಾಂಗಿನ ನಾಲ್ಕೈದು ಜನ. ಮಂಜಿನ ಕಂಬ ಮದುಮಗನ ಹಾಗೆ ನೆಟ್ಟಗೆ ನಿಂತು ಚೆನ್ನಾಗಿ ಕಾಣುತ್ತಿತ್ತು. "ಎಲ್ಲದೋ ನಿನ್ನ ಮಂಜು?" ಎಂದು ಸಾಹೇಬರು ನಕ್ಕರು. ಮೌಲಾಸಾಬರು ಮುಂದೆ ನಡೆದರು. ಗುಡ್ಡೆ ಸುತ್ತಿ ಇಳಿಜಾರಿಗೆ ಇಳಿದೆವು. ಹತ್ತು ಹೆಜ್ಜೆಗೆ ಮುಂದಿನವರ ಬೆನ್ನು ಹೋಯಿತು, ಇಪ್ಪತ್ತಕ್ಕೆ ಪಕ್ಕದವರ ಮುಖ. ಸ್ವಲ್ಪ ಹೊತ್ತಿಗೆ ಠಣ್ ಎಂಬ ಸದ್ದು, ಅದರ ಹಿಂದೆಯೇ "ಅಯ್ಯಯ್ಯ!" ಸಾಹೇಬರ ಹಣೆ ಔಟರ್ ಸಿಗ್ನಲ್ಲಿನ ಏಣಿಗೆ ಬಡಿದಿತ್ತು.

ಹೊಳೆಯ ನೀರಿನ ಸದ್ದು ಮಾತ್ರ. ಆಮೇಲೆ ಸಾಹೇಬರ ದನಿ ಬಂತು, ನಗು ಹೋಗಿದ್ದ ದನಿ.

"ನಕ್ಷಾದಾಗ ಮಂಜಿನ ಕಂಬ ಹೊಳಿ ಕಡಿ ಅದ. ನಿನ್ನಿನೇ ನೋಡೀನಿ ನಾನು. ಅದನ್ನ ಕಲ್ಲಿನ ಮ್ಯಾಲ ಒಯ್ದು ಹುಗದಾಂವ ಯಾರು?"

ಗೊತ್ತಿಲ್ಲ ಸಾರ್ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆ ಬಿಳುಪಿನೊಳಗಿಂದ, ನನ್ನ ಎಡಗಡೆಯಿಂದಲೋ ಬಲಗಡೆಯಿಂದಲೋ, ಒಂದು ನಡುಗುವ ದನಿ: "ನಾನೇ ರೀ ಸಾಹೇಬ್ರ. ಗಲತಿ ನಂದು. ಬ್ಯಾರೆ ಯಾರದೂ ಇಲ್ಲ."

ಸಾಹೇಬರು ಒಮ್ಮೆ ಸೀನಿದರು. ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಕೊನೆಗೆ ಹೇಳಿದರು:

"ಯಾರೋ ಮಾತಾಡಿದ್ರು. ಯಾರಂತ ನಂಗ ಕಾಣ್ಲಿಲ್ಲ. ಮಾಸ್ತರ್, ನಿಮಗ ಕಾಣ್ತೇನು?"

"ಇಲ್ಲ ಸಾರ್."

"ಯಾರಿಗರ ಕಾಣ್ತೇನು?"

ಯಾರಿಗೂ ಕಂಡಿರಲಿಲ್ಲ. "ಹಂಗಾದ್ರ ನಾ ಏನ್ ಬರೀಲಿ?" ಎಂದರು ಸಾಹೇಬರು. "ನೋಡದ್ದಕ್ಕ ನಾನು ಸಹಿ ಹಾಕಂಗಿಲ್ಲ."

ಅವರ ವರದಿಯಲ್ಲಿ ಕಂಬ ತಪ್ಪು ಜಾಗದಲ್ಲಿದೆ, ಹೊಳೆಯ ಕಡೆ ನೆಡಬೇಕು, ಮಾಸ್ತರರ ದಾಖಲೆ ಸರಿಯಿದೆ ಎಂದಷ್ಟೇ ಇತ್ತು. ಹಣೆಯ ಮೇಲೆ ನೆಲ್ಲಿಕಾಯಿಯಷ್ಟು ಬುಗುಟೆ ಹೊತ್ತುಕೊಂಡು ಗಾಡಿ ಹತ್ತಿದರು. ಹತ್ತುವಾಗ ಮೌಲಾಸಾಬರ ಕಡೆ ಒಮ್ಮೆಯೂ ನೋಡಲಿಲ್ಲ. ಆ ಮನುಷ್ಯನ ಮೇಲೆ ನನಗೆ ಅವತ್ತು ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಕಂಬದ ಜಾಗವನ್ನು ಮೌಲಾಸಾಬರೇ ಗುರುತಿಸಿದರು, ಕಲ್ಲಿನ ಗುಡ್ಡೆಗೆ ಮರೆಯಾಗದ ಹಾಗೆ, ಬರಿಗಾಲಿನಲ್ಲಿ ತಿರುಗಾಡಿ. ಎರೆ ಮುಗಿದು ಗಟ್ಟಿ ನೆಲ ಸಿಗುವತನಕ ಆಳ ತೋಡಿ, ಕಂಬದ ಸುತ್ತ ಪರಸಿಯ ಚೂರು ತುಂಬಿದರು. ಮಣ್ಣು ಎಷ್ಟು ಉಬ್ಬಿದರೂ ಇನ್ನು ಅದು ವಾಲುವುದಿಲ್ಲ ಎಂದರು. ಈ ಉಪಾಯ ಆಗಲೇ ಯಾಕೆ ಹೊಳೆಯಲಿಲ್ಲ ಎಂದು ನಾನು ಕೇಳಿದ್ದಕ್ಕೆ, "ಆಗ ನಂಗ ಸಿಟ್ಟ ಬಂದಿತ್ರಿ" ಎಂದು ನಕ್ಕರು.

ಬಣ್ಣ ಬಳಿದು ಮುಗಿಸುವ ಹೊತ್ತಿಗೆ ಜನವರಿ ಮುಗಿಯುತ್ತ ಬಂದಿತ್ತು. ಆಮೇಲೆ ದಿನಾ ಬಿಸಿಲು, ದಿನಾ ತಿಳಿ ಮುಂಜಾನೆ. ಅವರ ನೌಕರಿ ಮುಗಿಯಲು ಎರಡು ದಿನ ಇರುವಾಗ ಸಂಜೆ ಬೀಬಮ್ಮನ ಒಲೆಯ ಹೊಗೆ ಮತ್ತೆ ಮಾಳಿಗೆಯ ಮೇಲೆ ಮಲಗಿತು. ನಾನು ಮುಂಜಾನೆ ಬೇಗ ಎದ್ದೆ.

ಪ್ಲಾಟ್‌ಫಾರ್ಮಿನ ತುದಿಗೆ ಬಂದು ಹೊಳೆಯ ಕಡೆ ನೋಡಿದೆ. ಹೊಸ ಜಾಗದ ಕಂಬ ಕಾಣಲಿಲ್ಲ. ಅದಿರಬೇಕಾದ ಕಡೆ ಬರೀ ಬಿಳುಪು. ರಿಜಿಸ್ಟರ್ ತೆಗೆದು ಬರೆದೆ: "ಕಂಬ ಕಾಣುತ್ತಿಲ್ಲ. ಪಟಾಕಿ ಇಡಲು ಮೌಲಾಸಾಬರನ್ನು ಕಳಿಸಲಾಗಿದೆ." ಹಿಂತಿರುಗಿದರೆ ಅವರು ಆಗಲೇ ಬಾಗಿಲಲ್ಲಿ ನಿಂತಿದ್ದರು. ತೊಳೆದ ರುಮಾಲು, ಒಂದು ಕೈಯಲ್ಲಿ ಪಟಾಕಿ ಡಬ್ಬಿ, ಇನ್ನೊಂದರಲ್ಲಿ ಹೊಸ ಗಾಜು ಹಾಕಿಸಿದ ದೀಪ. ನಾನು ಬರೆದದ್ದನ್ನು ಓದಿ ಹೇಳಿದೆ. ತಮ್ಮ ಹೆಸರು ಬಂದ ಕಡೆ ಇನ್ನೊಮ್ಮೆ ಓದಿಸಿದರು.

"ಹೋಗಿ ಬನ್ನಿ ಮೌಲಾಸಾಬರೇ" ಎಂದೆ.

"ಹಂಗಲ್ರಿ ಮಾಸ್ತರ್ ಸಾಬ್. ಹುಕುಂ ಇದ್ದಂಗ ಇರಬೇಕು. ಜೋರಿಲೆ ಹೇಳ್ರಿ."

ನಾನು ಎದ್ದು ನಿಂತು, ಶರಣಪ್ಪನಿಗೂ ಬೀಬಮ್ಮನಿಗೂ ಕೇಳುವ ಹಾಗೆ ಕೂಗಿದೆ. "ಮೌಲಾಸಾಬ್ರ! ಮಂಜ ಬಿದ್ದದ. ಪಟಾಕಿ ತಗೊಂಡು ಹೋಗ್ರಿ!"

ಅವರ ಕಣ್ಣು ತುಂಬಿದ್ದವು. "ಹನ್ನೆರಡು ವರ್ಸ ಕಳ್ಳನಂಗ ಹೋದೆ" ಎಂದರು. "ಇವತ್ತ ಹುಕುಂ ಮ್ಯಾಲ ಹೊಂಟೀನಿ ನೋಡ್ರಿ." ಪರಸಿಯ ಮೇಲೆ ನಡೆಯುವಷ್ಟು ದೂರ ಅವರ ಬೆನ್ನು, ರುಮಾಲು, ದೀಪ ಎಲ್ಲ ಕಾಣುತ್ತಿತ್ತು. ಎರೆ ಶುರುವಾದ ಕಡೆ ಕಾಣದಾದರು. ನಾನು ಚಹಾ ಮುಟ್ಟದೆ ಕಾದೆ. ವಾಡಿಯ ಪ್ಯಾಸೆಂಜರ್ ಸೇತುವೆ ಹತ್ತಿದ ಸದ್ದು ಬಂತು. ಆಮೇಲೆ ಮಂಜಿನೊಳಗಿಂದ ಒಂದು ಢಂ, ಅದರ ಬೆನ್ನಿಗೇ ಇನ್ನೊಂದು. ಗಡಿಯಾರ ನೋಡಿ ಹೊತ್ತು ಬರೆದು, ಅವರ ಹೆಸರಿನ ಪಕ್ಕದಲ್ಲಿ ಸಹಿ ಹಾಕಿದೆ.